ಎರಡು ವರಸೆಯ ಹೊಸ್ತಿಲು

"ಮಳೆ ನೀರು ತಡೆಯೋಕೆ ಒಂದು ವರಸೆ ಇಟ್ಟಿಗೆ ಧಾರಾಳ ಸಾಕು ಅಕ್ಕಾ. ಎರಡು ಯಾಕೆ?" ಎಂದ ಮೇಸ್ತ್ರಿ. ಗ್ಯಾರೇಜಿನ ಗೆದ್ದಲು ತಿಂದ ಮರದ ಬಾಗಿಲುಗಳನ್ನು ಕಿತ್ತು ಗೋಡೆಗೆ ಒರಗಿಸಿದ್ದ. ನಾಳೆ ರೋಲಿಂಗ್ ಶಟರ್ ಬರುವುದರೊಳಗೆ, ನೆಲಕ್ಕೆ ಸಮವಾಗಿದ್ದ ಹೊಸ್ತಿಲನ್ನು ಏರಿಸಬೇಕಿತ್ತು.

"ಎರಡು ವರಸೇನೇ ಇಡು," ಎಂದಳು ಅವಳು, ಹೊಲಿಗೆ ಯಂತ್ರದಿಂದ ತಲೆ ಎತ್ತದೆ. ಕಾರನ್ನೇ ಕಾಣದ ಆ ಗ್ಯಾರೇಜು ಅವಳ ಹೊಲಿಗೆ ಅಂಗಡಿ; ಮನೆಯಿಂದ ಬೀದಿಗೆ ದಾರಿಯೂ ಅದೇ. ಗಿರಾಕಿಗಳು ಬರಬೇಕೆಂದರೆ ಬಾಗಿಲು ಹಗಲೆಲ್ಲ ತೆರೆದಿರಲೇಬೇಕು.

"ನಿಮ್ಮಪ್ಪ ಹೇಗೆ ದಾಟ್ತಾರೆ? ಕಾಲು ಎತ್ತೋಕೇ ಆಗಲ್ವಲ್ಲ ಅವರಿಗೆ."

"ದಾಟಬಾರದು ಅಂತಾನೇ."

ಮೇಸ್ತ್ರಿಯ ಕೈ ನಿಂತಿತು. ಗಾರೆ ಬಳಿಯುವ ಕರಣೆ ಹಿಡಿಯುವುದನ್ನು ಅವನಿಗೆ ಕಲಿಸಿದ್ದೇ ಅವಳ ಅಪ್ಪ. ಆ ಅಪ್ಪನಿಗೆ ಈಗ ಮನೆ ಯಾವುದು, ಮಗಳು ಯಾರು ಎಂಬುದೇ ಮರೆತುಹೋಗಿತ್ತು. ಕೆಲಸಕ್ಕೆ ತಡವಾಯಿತೆಂದು ಕಾಲೆಳೆದುಕೊಂಡು ಹೊರಟುಬಿಡುತ್ತಿದ್ದ. ಮೊನ್ನೆ ಅವಳು ಯಾರದೋ ರವಿಕೆಯ ಅಳತೆ ತೆಗೆಯುವಷ್ಟರಲ್ಲಿ ನಡುರಸ್ತೆಯಲ್ಲಿದ್ದ. ಲಾರಿಯವನು ಬ್ರೇಕು ಹಾಕದಿದ್ದರೆ ಅಷ್ಟೇ. ಎಷ್ಟೂಂತ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು? ಬಚ್ಚಲುಮನೆಯ ಮೆಟ್ಟಿಲೆದುರು ಮಾತ್ರ ಅವನು ಒಂದು ಗಳಿಗೆ ನಿಂತು ಹಿಂದಿರುಗಿಬಿಡುತ್ತಿದ್ದ. ಅದನ್ನು ನೋಡಿಯೇ ಅವಳಿಗೆ ಈ ಉಪಾಯ ಹೊಳೆದದ್ದು.

"ಕಟ್ಟಿಹಾಕೋದಕ್ಕಿಂತ ಇದು ವಾಸಿ ಅಲ್ವೇನೋ?" ಎಂದಳು. ಮೇಸ್ತ್ರಿ ಎರಡನೆಯ ವರಸೆ ಇಟ್ಟು ಗಾರೆ ಬಳಿದ.

ಹಸಿ ಸಿಮೆಂಟಿನ ವಾಸನೆ ಎಳೆದು ತಂದಿತೇನೋ, ಒಳಗಿನಿಂದ ಅಪ್ಪ ಬಂದ. ಗೋಡೆ ಹಿಡಿದು ನೆಲಕ್ಕೆ ಕುಳಿತು ಮೇಸ್ತ್ರಿಯ ಕೈಯಿಂದ ಕರಣೆ ಕಸಿದುಕೊಂಡ. "ಇದೇನೋ, ಹೆಂಡತಿ ಮೇಲಿನ ಸಿಟ್ಟಲ್ಲಿ ಬಳಿದ ಹಾಗಿದೆ!" ಎಂದು ಗದರಿದ. ತಲೆ ಮರೆತದ್ದನ್ನು ಕೈ ಮರೆತಿರಲಿಲ್ಲ. ಅವನು ಸವರಿದಲ್ಲೆಲ್ಲ ಗಾರೆ ನುಣ್ಣಗಾಗುತ್ತಾ ಹೋಯಿತು. ಎಷ್ಟೋ ಕಾಲದ ಮೇಲೆ ಅಪ್ಪ ಸಿಕ್ಕಂತಾಗಿ ಅವಳಿಗೆ ಅಳು ಉಕ್ಕಿ ಬಂತು.

ತುಸು ಹೊತ್ತಿಗೆ ಅವನ ಕೈ ನಿಧಾನವಾಯಿತು. ಗೇಣು ಹಾಕಿ ಎತ್ತರ ನೋಡಿದ. ಮಗಳ ಕಡೆ ತಿರುಗಿ, ಮನೆ ಕಟ್ಟಿಸುವವರೊಡನೆ ಮಾತಾಡುತ್ತಿದ್ದ ಅದೇ ಮರ್ಯಾದೆಯ ದನಿಯಲ್ಲಿ ಕೇಳಿದ: "ಅಮ್ಮಾ, ಹೊಸ್ತಿಲು ಜಾಸ್ತಿ ಎತ್ತರ ಆಯ್ತು. ಮನೇಲಿ ವಯಸ್ಸಾದೋರು ಯಾರಾದ್ರೂ ಇದ್ದಾರಾ?"



"ಇಲ್ಲ," ಎಂದಳು ಅವಳು. "ಯಾರೂ ಇಲ್ಲ."

"ಹಾಗಾದ್ರೆ ಸರಿ," ಎಂದು ಅಪ್ಪ ಅಂಚನ್ನು ತೀಡತೊಡಗಿದ.