ಗುಲಾಬಿ ಪೇಂಟ್

"ಹೆಮ್ಮಾಡಿಯಂಗೆ ಎರಡ್ ಡಬ್ಬ ಗುಲಾಬಿ ಪೇಂಟ್ ತಕಂಡ್ಯಂಬ್ರಲೆ ಗುರುವ? ದೋಣಿಗೆ ಯಾರ್ ಮಾರಾಯ ಗುಲಾಬಿ ಬಳುದ್?"

ಮಣ್ಣು ತುಂಬಿಸುವ ಗುತ್ತಿಗೆ ಹಿಡಿದ ಭೋಜರಾಜ ನಗುತ್ತಲೇ ಕೇಳಿದ. ಅವನ ಹಿಂದೆ ಕೆಂಪು ಮಣ್ಣು ಹೊತ್ತ ಟಿಪ್ಪರ್ ಗುರುಗುಟ್ಟುತ್ತಿತ್ತು. ಪಕ್ಕದಲ್ಲಿ ಅರ್ಜಿ ಹಿಡಿದು ತನಿಖೆಗೆ ಬಂದ ಸಾಹೇಬರು. ಎದುರಿಗೆ ಹಂಗಾರಕಟ್ಟೆಯ ಹೊಳೆ ಇಳಿದ ಕೆಸರು, ೨೦೦೯ರ ಜನವರಿಯ ಮಂಜು, ಮಂಜಿನಲ್ಲಿ ಅಲುಗದೆ ನಿಂತ ಗುಲಾಬಿ ಹಕ್ಕಿಗಳು.

ಅರ್ಜಿ ಗುರುವನೇ ಬರೆದದ್ದು, ಏಳನೇ ಕ್ಲಾಸಿಗೆ ನಿಂತುಹೋದ ಅಕ್ಷರದಲ್ಲಿ. 'ಇಲ್ಲಿ ಚಳಿಗಾಲಕ್ಕೆ ರಾಜಹಂಸ ಬರುತ್ತವೆ. ಮಣ್ಣು ತುಂಬಿಸಬೇಡಿ.' ಕೆಳಗೆ ತಾಯಿ ಸುಂದರಿಯ ಹೆಬ್ಬೆಟ್ಟು. ಆ ಕೆಸರಲ್ಲಿ ಚಿಪ್ಪು ಹೆಕ್ಕಿಯೇ ಅವಳು ಅವನನ್ನು ಸಾಕಿದ್ದು. ಹಿಂದಿನ ವರ್ಷ ಬೈಂದೂರಿನ ಕಡೆ ಇಂಥ ನಾಲ್ಕು ಹಕ್ಕಿ ಇಳಿದದ್ದಕ್ಕೆ ಒಂದು ಕಾಮಗಾರಿಯೇ ನಿಂತಿತ್ತು. ಮನುಷ್ಯರು ಬಾಯಿ ಬಡಿದುಕೊಂಡರೆ ನಿಲ್ಲದ್ದು ಹಕ್ಕಿ ನಿಂತರೆ ನಿಲ್ಲುತ್ತದೆ.

ಸಾಹೇಬರು ಬರುವ ದಿನ ಗೊತ್ತಾಯಿತು, ಹಕ್ಕಿ ಬರಲಿಲ್ಲ. ದೋಣಿ ಕಟ್ಟುವ ಗುರುವ ತಾನೇ ಮರದಲ್ಲಿ ಹನ್ನೊಂದು ಕೆತ್ತಿದ. ಹೆಮ್ಮಾಡಿಯಲ್ಲಿ, ಗೆಳೆಯ ಕಿಟ್ಟನ ಶೆಡ್ಡಿನಲ್ಲಿ. ಬೆಳಕು ಹರಿಯುವ ಮುಂಚೆ ತಂದು ನೆಡುವುದು ಕಿಟ್ಟನ ಕೆಲಸ.

ನೆಟ್ಟಿದ್ದಾನೆ, ಬೇವರ್ಸಿ. ಕಾಲಿಗೆಂದು ಒಂದಕ್ಕೆ ಎರಡು ಸರಳು ಕೊಟ್ಟಿದ್ದರೂ ಒಂದೊಂದೇ ಕಾಲು ಚುಚ್ಚಿದ್ದಾನೆ. ಎರಡರ ಕುತ್ತಿಗೆಯೇ ಕಾಣುವುದಿಲ್ಲ, ಮುರಿದು ಹಾಕಿದನೋ ಏನೋ. ಫೋನೂ ಸ್ವಿಚ್ ಆಫ್.

"ಹನ್ನೆರಡು," ಸಾಹೇಬರು ದಡದಿಂದಲೇ ಎಣಿಸಿದರು. ಬೂಟು ಕೆಸರಾಗುವುದು ಬೇಡ.

ಎಣಿಸಲೂ ಬಾರದವನ ಸಹಿಯಲ್ಲಿ ಅಮ್ಮನ ಅನ್ನ! ಗುರುವ ಹಲ್ಲು ಕಚ್ಚಿದ.

"ಒಂದಾದ್ರೂ ಮಿಸುಕುದಿಲ್ಲ ಎಂತಕೆ?" ಭೋಜರಾಜ ಕೆಣಕಿದ.

"ನಿದ್ರಿ ಮಾಡ್ತಿದ್ದೊ."

"ನಿದ್ರಿಯಾ! ಒಂದ್ ಮರದ್ದ್ ಸಿಕ್ಕಲಿ. ಸರ್ಕಾರಕ್ಕೇ ಮೋಸ. ಹೆಬ್ಬೆಟ್ಟ್ ಯಾರದ್ದ್? ನಿನ್ನ ಅಮ್ಮಂದ್. ಜೈಲಿಗೆ ಹೋಪುದೂ ಅವಳೇ."

ಅವನ ಸನ್ನೆಗೆ ಟಿಪ್ಪರಿನ ಡ್ರೈವರ್ ಲುಂಗಿ ಎತ್ತಿ ಕಟ್ಟಿ ಕೆಸರಿಗಿಳಿದ, ಒಂದನ್ನು ಕಿತ್ತು ತರಲು. ಅತ್ತ ದಡದಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಸುಂದರಿಗೆ ಇದೊಂದೂ ತಿಳಿಯದು.

"ಹ್ವಾಯ್, ಹತ್ರ ಹೋಬೇಡ! ಹಾರಿ ಹೋತೊ!" ಎಂದು ಡ್ರೈವರನಿಗೆ ಕೂಗಿದಳು.

ಗುರುವನಿಗೆ ತಡೆಯಲಾಗಲಿಲ್ಲ.

"ನಿಲ್ಸಿ. ಮರದ್ದೇ. ನಾನೇ ಕೆತ್ತಿದ್ದ್. ಅಮ್ಮನಿಗೆ ಎಂತದೂ ಗೊತ್ತಿಲ್ಲೆ."

ಡ್ರೈವರ್ ತಿರುಗಿ ಬಂದ. ಸಾಹೇಬರು ಅರ್ಜಿಯನ್ನು ಜೀಪಿನ ಮೇಲಿಟ್ಟು 'ಸುಳ್ಳು' ಎಂದು ಬರೆದರು, ಗುರುವನ ಸಹಿ ಹಾಕಿಸಿಕೊಂಡರು. "ಹೋಗಲಿ, ಕೇಸು ಬೇಡ," ಎಂದದ್ದೇ ದೊಡ್ಡ ಉಪಕಾರ. ಜೀಪು ಹೋಯಿತು. ಟಿಪ್ಪರ್ ಹಿಂದಕ್ಕೆ ಸರಿದು ತೊಟ್ಟಿ ಎತ್ತತೊಡಗಿತು.

ಆಗ ಕಿಟ್ಟನ ವ್ಯಾನು ಬಂತು.

"ಬೈಬೇಡ ಗುರುವ. ಹೆಮ್ಮಾಡಿ ದಾಟ್ಲಿಲ್ಲ, ಟಯರ್ ಪಂಚರ್. ಮೊಬೈಲಂಗೆ ಚಾರ್ಜೂ ಇಲ್ಲೆ." ಬೆವರು ಒರೆಸುತ್ತ ಹಿಂದಿನ ಬಾಗಿಲು ಎತ್ತಿದ. ಟಾರ್ಪಾಲಿನಡಿ ಹನ್ನೊಂದೂ ಒತ್ತಿಕೊಂಡು ಮಲಗಿದ್ದವು.

ಮಣ್ಣು ಧೊಪ್ಪನೆ ಬಿದ್ದ ಸದ್ದಿಗೆ, ಕೆಸರಿನ ಹನ್ನೆರಡೂ ಕುತ್ತಿಗೆ ಎತ್ತಿ, ರೆಕ್ಕೆ ಬಿಚ್ಚಿ, ಕಡಲಿನ ಕಡೆ ಹಾರಿಹೋದವು.