ಒಂದು ಚಿಟಿಕೆ ನಶ್ಯ

ವೆಂಕಟಕೃಷ್ಣ ಮೇಷ್ಟ್ರು ತೀರಿಕೊಂಡ ಸುದ್ದಿ ತಿಳಿದ ದಿನ ಅವರ ಬಳಿ ಪಾಠಕ್ಕೆ ಬರುತ್ತಿದ್ದ ಭವ್ಯಶ್ರೀ, ಸುದೀಪ ಇಬ್ಬರೂ ಬಸ್ಸಿಳಿದು ಓಡಿಬಂದು, ಮಡಿಕೇರಿಯ ಆ ಮನೆಯ ಜಗಲಿಯಲ್ಲಿ ನಿಂತು ಅತ್ತರು. ಅತ್ತದ್ದು ಇಂಗ್ಲಿಷಿನಲ್ಲಿ.

"ಅಮ್ಮಾ, ವಿ ಆರ್ ವೆರಿ ಸ್ಯಾಡ್," ಎಂದ ಸುದೀಪ, ಮೂಗು ಒರೆಸಿಕೊಳ್ಳುತ್ತ. "ಸರ್ ವಾಸ್... ಬೇಸಿಕಲಿ..."

"ಬೇಸಿಕಲಿ ಅನ್ನಬೇಡ ಮಾರಾಯ. ಮೊದಲಿಂದ ಶುರುಮಾಡು," ಎಂದುಬಿಟ್ಟರು ಮೇಷ್ಟ್ರ ಹೆಂಡತಿ ಮೂಕಾಂಬಿಕಮ್ಮ. ಗಂಡನ ಮಾತು ತಮ್ಮ ಬಾಯಲ್ಲಿ ಬಂತೆಂದು ಅರಿವಾಗಿ ಸೆರಗನ್ನು ಬಾಯಿಗೊತ್ತಿಕೊಂಡರು. ತಡೆಯಲಾಗದೆ ನಗು ಬಂತು. ಮೇಷ್ಟ್ರು ಹೋದಮೇಲೆ ಆ ಮನೆಯಲ್ಲಿ ಅದೇ ಮೊದಲ ನಗು.

ಗೇಟು ದಾಟಿದರೆ ಕನ್ನಡವಿಲ್ಲ ಎಂಬುದು ಮೇಷ್ಟ್ರ ಕಟ್ಟಳೆ. ಬಿಸಿಎ ಓದುವ ಮಕ್ಕಳು ತಾವು ಕಂಪ್ಯೂಟರಿನಲ್ಲಿ ಮಾಡಿದ್ದನ್ನು, ಅದರ ಗಂಧಗಾಳಿಯಿಲ್ಲದ ಅವರಿಗೆ ಇಂಗ್ಲಿಷಿನಲ್ಲಿ ತಿಳಿಯುವಂತೆ ಹೇಳಬೇಕು. ತಡವರಿಸಿ 'ಬೇಸಿಕಲಿ' ಎಂದರೆ ಕೈ ಅಡ್ಡ ಹಿಡಿಯುವರು, ಮತ್ತೆ ಮೊದಲಿನಿಂದ. ಪೂರ್ತಿ ತಿಳಿದರೆ ಒಂದು ಚಿಟಿಕೆ ನಶ್ಯ ಏರಿಸುವರು. ಅದೇ ಪಾಸು. ಸುದೀಪನಿಗೆ ಅದು ಸಿಕ್ಕಿತ್ತು. ಭವ್ಯಶ್ರೀಗೆ ಒಮ್ಮೆಯೂ ಸಿಕ್ಕಿರಲಿಲ್ಲ. ನಾಳೆ ಅವಳಿಗೆ ಕೆಲಸದ ಇಂಟರ್‌ವ್ಯೂ.

"ಕೋಡ್ ಬರೆಯೋದು ಬರ್ತದಮ್ಮ. ಹೇಳು ಅಂದ್ರೆ ನಾಲಿಗೆ ಏಳೋದಿಲ್ಲ," ಎಂದಳು ಹುಡುಗಿ, ಕಟ್ಟಳೆ ಮರೆತು. "ಇನ್ನು ನಂಗೆ ಪಾಸು ಕೊಡೋರು ಯಾರು?"

ಮೂಕಾಂಬಿಕಮ್ಮ ಎದ್ದು ಹೋಗಿ ಗಂಡನ ಕುರ್ಚಿಯಲ್ಲಿ ಕುಳಿತರು.

"ಅತ್ತಿಗೇ, ಸೂತಕದ ಮನೆ ಇದು," ಎಂದರು ಒಳಗಿನಿಂದ ನಾದಿನಿ.

"ಸೂತಕ ದೇವರಕೋಣೆಗೆ. ಪಾಠಕ್ಕೆಂತ ಸೂತಕ? ಹೇಳು ಮಗಾ. ನಂಗೆ ಇಂಗ್ಲಿಷೂ ಬಾರದು, ನಿನ್ನ ಕಂಪ್ಯೂಟರೂ ಬಾರದು. ಆದ್ರೂ ತಿಳೀಬೇಕು."

ಕಾಫಿತೋಟದ ಕೂಲಿಯವರ ಲೈನುಮನೆಗಳಿಗೆ ಆನೆ ಬಂದ ಸುದ್ದಿ ಮುಟ್ಟಿಸುವ ಆ್ಯಪು ಅವಳದು. ಶುರುವಿನಲ್ಲೇ 'ಬೇಸಿಕಲಿ' ಬಂತು; ಕೈ ಅಡ್ಡ ಬಂತು. ಮತ್ತೆ ಬಂತು, ಮತ್ತೆ ಕೈ. ಕೊನೆಗೆ ರೋಸಿಹೋದ ಹುಡುಗಿ ತಾನೇ ಆನೆಯಾಗಿ ತೋಳು ಬೀಸಿಕೊಂಡು ಅಂಗಳಕ್ಕೆ ಇಳಿದಳು. ಸುದೀಪ ಕಾಫಿ ಕೊಯ್ಯುವವನಾಗಿ, ಫೋನು ಕಿವಿಗಿಟ್ಟುಕೊಂಡು ತುಳಸಿಕಟ್ಟೆ ಸುತ್ತಿ ಓಡಿದ. "ಎಲಿಫೆಂಟ್ ಕಮ್ಸ್, ದಿ ಫೋನ್ ರಿಂಗ್ಸ್, ಪೀಪಲ್ ಗೋ ದಿ ಅದರ್ ವೇ!" ಕಟ್ಟೆಯೊಡೆದ ನೀರಿನಂತೆ ಭವ್ಯಶ್ರೀಯ ಮಾತು ಹರಿಯಿತು. ಗಲಾಟೆಗೆ ನಾದಿನಿಯೂ ಬಾಗಿಲಿಗೆ ಬಂದು ಕೇಳಿದರು.

"ಆನೆ ಎತ್ತ ಹೋಯ್ತು ಅಂತಾನೂ ಹೇಳ್ತದಾ ಅದು?"

"ಯೆಸ್ ಆಂಟಿ. ದಟ್ ಆಲ್ಸೊ."

ಭವ್ಯಶ್ರೀ ಏದುಸಿರು ಬಿಡುತ್ತ ನಿಂತಳು. ಮೂಕಾಂಬಿಕಮ್ಮನ ಕೈ ಕಿಟಕಿಯಲ್ಲಿದ್ದ ಗಂಡನ ಹಿತ್ತಾಳೆಯ ನಶ್ಯದ ಡಬ್ಬಿಗೆ ಹೋಯಿತು. ಆ ನಶ್ಯಕ್ಕಾಗಿ ಬದುಕಿಡೀ ಗಂಡನನ್ನು ಬೈದಿದ್ದವರು ಚಿಟಿಕೆ ತೆಗೆದು ಏರಿಸಿಯೇಬಿಟ್ಟರು. ಆಮೇಲೆ ಸೀನು ನಿಲ್ಲಲೇ ಇಲ್ಲ. "ಪಾ... ಪಾಸು," ಎಂದರು ಸೀನುಗಳ ನಡುವೆ. ಹುಡುಗಿ ಅವರ ಮಡಿಲಲ್ಲಿ ಮುಖವಿಟ್ಟು ನಕ್ಕಳೋ ಅತ್ತಳೋ, ನಾದಿನಿಗೂ ತಿಳಿಯಲಿಲ್ಲ. ಅವರ ಕಣ್ಣೂ ತುಂಬಿತ್ತು.

ಮುಸ್ಸಂಜೆ, ಹೋದವರಿಗೆಂದು ಹಚ್ಚಿಟ್ಟ ದೀಪಕ್ಕೆ ಎಣ್ಣೆ ಎರೆದು ಮೂಕಾಂಬಿಕಮ್ಮ ಕೈಮುಗಿದರು. ಮೂಗು ಇನ್ನೂ ಉರಿಯುತ್ತಿತ್ತು.

"ಓಂಕಾರೇಶ್ವರಾ, ಅವರ ಆತ್ಮಕ್ಕೆ ಶಾಂತಿ ಕೊಡಪ್ಪ. ನೀನು ಮಾತಾಡುವಾಗಲೂ ಕೈ ಅಡ್ಡ ಹಿಡಿದಾರು. ಕೋಪ ಮಾಡ್ಕೋಬೇಡ. ಮೊದಲಿಂದ ಶುರುಮಾಡು."