ಗೋಡೆಯ ಮೇಲಿನ ಹೆಸರು

“ಆ ಹೆಸರು ಅಳಸ್ರಿ ಮೊದ್ಲು!” ಎಂದು ಕೆಲಸ ನೋಡಲು ಬಂದ ನಗರಸಭೆಯ ಸಾಹೇಬರು ಕೂಗಿದರು. ಚಿತ್ರದ ಮೇಲ್ಭಾಗ ತಿದ್ದುತ್ತಿದ್ದ ಅಪ್ಪ ಏಣಿಯ ಮೇಲಿಂದಲೇ ಕೆಳಗೆ ನೋಡಿದ.

ಈಗಲೂ ನಾನು ಕೆಲಸ ಮಾಡುವ ಗ್ಯಾರೇಜಿನಲ್ಲಿ ಬಣ್ಣ ಕರಗಿಸುವ ಥಿನ್ನರ್ ಡಬ್ಬಿ ತೆರೆದರೆ ಬೀದರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಭಾಲ್ಕಿಯಲ್ಲಿ ಅಂಗಡಿಗಳ ಬೋರ್ಡ್ ಬರೆಯುತ್ತಿದ್ದ. ಫ್ಲೆಕ್ಸ್ ಬಂದ ಮೇಲೆ ಯಾರೂ ಕರೆಯುತ್ತಿರಲಿಲ್ಲ. ಬೀದರಿನ ಸರ್ಕಾರಿ ಗೋಡೆಗಳಿಗೆ ಸ್ಥಳೀಯ ಕಲಾವಿದರು ಚಿತ್ರ ಬರೆಯಬಹುದು ಎಂದು ಕೇಳಿ ನನ್ನನ್ನೂ ಕರೆದುಕೊಂಡು ಓಡಿ ಬಂದಿದ್ದ. ಎರಡು ದಿನ ಬಿಸಿಲಲ್ಲಿ ನಿಂತು ಬೀದರಿನ ಕೋಟೆಯ ಚಿತ್ರ ಬರೆದ. ಕೊನೆಗೆ ಕುಂಚ ನನ್ನ ಕೈಗೆ ಕೊಟ್ಟ. ಕೆಳಗಿನ ಮೂಲೆಯಲ್ಲಿ ‘ಪೇಂಟರ್ ಸಂಜೀವ, ಭಾಲ್ಕಿ’ ಎಂದು ಅಪ್ಪನ ಹೆಸರು ಬರೆದೆ. ಗೋಡೆಯ ಮೇಲೆ ನಾನು ಬರೆದದ್ದು ಅದೇ ಮೊದಲು.

“ಇದು ಸರ್ಕಾರಿ ಗ್ವಾಡಿ. ನಿಮ್ಮ ಜಾಹೀರಾತು ನಡೆಯಂಗಿಲ್ಲ,” ಎಂದರು ಸಾಹೇಬರು.

“ಜಾಹೀರಾತು ಅಲ್ರಿ ಸಾಹೇಬ್ರ. ಬರದವ್ರು ಕೆಳಗ ಹೆಸರು ಹಾಕ್ತೇವ್ರಿ. ನೋಡ್ದವ್ರು ಮತ್ತ ಕೆಲಸಕ್ಕ ಕರೀತಾರ್ರಿ.”

“ಹೆಸರು ಬೇಕಂದ್ರ ನಿಮ್ಮ ಮನಿ ಗ್ವಾಡಿಗಿ ಬರ್ಕೋರಿ ಹೋಗ್ರಿ.”

ಸಾಹೇಬರ ಜೊತೆಗಿದ್ದವರು ನಕ್ಕರು. ಅಪ್ಪ ಇಳಿದು ಬಂದು, ಥಿನ್ನರಿನಲ್ಲಿ ಅದ್ದಿದ ಬಟ್ಟೆಯನ್ನು ನನಗೆ ಕೊಟ್ಟ. “ನೀನೇ ಅಳಸಪ್ಪ. ನನ್ನ ಕೈ ಏಳವಲ್ದು.”

ತಿಕ್ಕಿದೆ. ಬಣ್ಣ ಇನ್ನೂ ಹಸಿಯಾಗಿತ್ತು. ಹಳದಿ ಅಕ್ಷರಗಳು ಕೋಟೆಯ ಬುಡಕ್ಕೆಲ್ಲ ಮೆತ್ತಿಕೊಂಡವು. ಅಪ್ಪ ಅದರ ಮೇಲೆ ಕಲ್ಲಿನ ಬಣ್ಣ ಎಳೆದು, ಹಿಂದೆ ಸರಿದು ನಿಂತ.

“ಏನರ ಕಾಣ್ತದೇನೋ?”

“ಏನೂ ಕಾಣಂಗಿಲ್ಲ,” ಎಂದೆ, ಖುಷಿಪಡುತ್ತಾನೆ ಅಂದುಕೊಂಡು.

ಅಪ್ಪ ಏಣಿ ಮಡಚಿದ. ಆ ಮೂಲೆಯತ್ತ ತಿರುಗಿ ನೋಡದೆ ಭಾಲ್ಕಿ ಬಸ್ಸಿನತ್ತ ನಡೆದ.